ಪಟ್ಟಿಯ ಕೊನೆಗೇ ಬರುವ ಕೀವಿನ ಕಾಲು

ಆಪರೇಷನ್ ಪಟ್ಟಿಗೆ ಸಹಿ ಹಾಕುವ ಮಾನ್ಯ ಅಧೀಕ್ಷಕರೇ,

ಒಂಬತ್ತು ದಿನಗಳಲ್ಲಿ ನಾಲ್ಕು ಸಲ ನನ್ನನ್ನು ಉಪವಾಸ ಕೆಡವಿ, ನಾಲ್ಕು ಸಲವೂ ಸಂಜೆ ಒಂದು ಬನ್ನು ಕೊಟ್ಟು ಹಾಸಿಗೆಗೆ ವಾಪಸು ಕಳಿಸಿದ್ದೀರಿ. ಕೀವಿನ ಕೇಸು ಮೊದಲು ಮಾಡಿದರೆ ಉಳಿದವರಿಗೆ ಸೋಂಕು ತಗುಲೀತೆಂದು ಅದನ್ನು ಕೊನೆಗಿಡುತ್ತೀರಂತೆ. ಸರಿ. ಆದರೆ ಕೊನೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಮುಂದಿನ ಪಟ್ಟಿಯಲ್ಲೂ ನಾನೇ ಕೊನೆ. ಶಾಲೆಯಲ್ಲೂ ನಾನು ಆ ಸ್ಥಾನವನ್ನು ಇಷ್ಟು ನಿಷ್ಠೆಯಿಂದ ಕಾಯ್ದುಕೊಂಡಿರಲಿಲ್ಲ. (ನಾನು ಫೋನಿನಲ್ಲಿ ಒದರಿದ ಈ ಪತ್ರವನ್ನು ಮಗಳು ಬರೆದುಕೊಟ್ಟಿದ್ದಾಳೆ. "ಅಪ್ಪಾ, ಅರ್ಧ ಬೈಗುಳ ತೆಗೆದಿದೀನಿ" ಎಂದಳು.)

ಮೊದಲು ತಡ ಮಾಡಿದವನು ನೀನೇ ಅಲ್ಲವೇ ಎನ್ನುತ್ತೀರಿ. ಹೌದು. ಏಣಿಯಿಂದ ಬಿದ್ದು ಮುರಿದ ಕಾಲು ಕೂಡಿಕೊಂಡ ಮೇಲೆ, ಮಂಡಿಯ ಕೆಳಗೆ ಸಣ್ಣ ತೂತಾಗಿ ಕೀವು ಒಸರತೊಡಗಿತು. ನಿಮ್ಮ ಆಸ್ಪತ್ರೆಯ ಮೂಳೆ ಡಾಕ್ಟರಮ್ಮ ಆಗಲೇ ಹೇಳಿದ್ದರು: "ಒಳಗೆ ಸತ್ತ ಮೂಳೆ ಚೂರಿದೆ. ರಕ್ತನೇ ಹೋಗದ ಕಡೆ ಮಾತ್ರೆ ಹೇಗ್ರೀ ಹೋಗುತ್ತೆ? ಕೆರೆದು ತೆಗೀಬೇಕು, ಆಮೇಲೆ ಔಷಧಿ." ನಾನು ಹೆದರಿ, ಮಾತ್ರೆಯಷ್ಟೇ ಸಾಕೆಂದೆ. ತೂತು ಮುಚ್ಚಿತು. ಗೆದ್ದೆನೆಂದು ಮಾತ್ರೆಯನ್ನೂ ಬಿಟ್ಟೆ. ಎರಡು ತಿಂಗಳಿಗೆ ಮತ್ತೆ ಬಾಯಿಬಿಟ್ಟಿತು. ಹೀಗೇ ಒಂದೂವರೆ ವರ್ಷ.

ನನ್ನ ಕಸುಬು ಕೇಳಿದರೆ ನಗುತ್ತೀರಿ: ಗೋಡೆಗೆ ಬಣ್ಣ ಬಳಿಯುವುದು. ತೇವ ಹಿಡಿದ ಗಾರೆಯನ್ನು ಕೆರೆಯದೆ ಮೇಲೆಯೇ ಬಣ್ಣ ಹಚ್ಚು ಎಂದ ಮನೆಯೊಡೆಯರಿಗೆಲ್ಲ ಇಪ್ಪತ್ತೆಂಟು ವರ್ಷ ಭಾಷಣ ಬಿಗಿದವನು ನಾನು.

"ಊರವರ ಗೋಡೆಗೆಲ್ಲ ಬುದ್ಧಿ ಹೇಳ್ತೀರಿ, ಸ್ವಂತ ಕಾಲಿಗೆ ಮಾತ್ರ ಸುಣ್ಣ ಬಳ್ಕೊಂಡು ಕೂತ್ರಲ್ಲ!" ಎಂದು ಹೆಂಡತಿ ವಾರ್ಡಿನ ನಡುವೆ ಝಾಡಿಸಿದಾಗ, ಪಕ್ಕದ ಹಾಸಿಗೆಯ ಬಸ್ ಡ್ರೈವರು ಪ್ಲಾಸ್ಟರಿನ ಕೈಯಲ್ಲೇ ಚಪ್ಪಾಳೆ ತಟ್ಟಲು ನೋಡಿದ.

ಆದರೆ ಸ್ವಾಮಿ, ನಾನು ದಡ್ಡ. ಓದಿದವರ ಪಟ್ಟಿಯೂ ನನ್ನ ಹಾಗೆಯೇ ನಾಳೆ, ನಾಡಿದ್ದು ಎನ್ನುವುದೇಕೆ? ನಿನ್ನೆ ಹೊಸ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನನ್ನ ಜೋಕಿಗೆ ನಗಲಿಲ್ಲ. "ಸೋಂಕು ಕೀಲಿನ ಹತ್ತಿರ ಬಂದಿದೆ. ಒಳಗೆ ಹೊಕ್ಕರೆ ಮಂಡಿ ಮಡಚೋದನ್ನ ಮರೀಬೇಕಾಗುತ್ತೆ" ಎಂದರು. ಮಂಡಿ ಮಡಚದವನು ಏಣಿ ಹತ್ತುವುದುಂಟೇ? ಕೈಗೆಟುಕುವಷ್ಟೇ ಗೋಡೆಗೆ ಬಣ್ಣ ಸಾಕೆನ್ನುವ ಮನೆ ಎಲ್ಲಿದೆ?

ವಾರದಲ್ಲಿ ಒಂದು ದಿನವನ್ನು ಕೀವಿನ ಕೇಸುಗಳಿಗೇ ಬಿಡಿ. ಮುಗಿದ ಮೇಲೆ ಕೋಣೆಯನ್ನು ಬೇಕಾದಷ್ಟು ತೊಳೆಯಿರಿ. ಒಂದೂವರೆ ವರ್ಷ ಹಾಳು ಮಾಡಿದ್ದು ನಾನು, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಈ ಒಂಬತ್ತು ದಿನ ಮಾತ್ರ ನಿಮ್ಮವು. ಹತ್ತನೆಯದನ್ನು ಸೇರಿಸಬೇಡಿ.

ಇಂತಿ,
ಅಂದು ಕತ್ತಿಗೆ ಹೆದರಿ ಓಡಿದ, ಇಂದು ಅದೇ ಕತ್ತಿಗಾಗಿ ಅಂಗಲಾಚುತ್ತಿರುವ
ತಮ್ಮ ವಾರ್ಡಿನ ವಾಚಾಳಿ