ಮೂರರಲ್ಲಿ ಒಳ್ಳೇದು

ಫೆಬ್ರವರಿ 9, ಶನಿವಾರ

ಶೂಟಿಂಗ್ ಕ್ಲಬ್ಬಿನಲ್ಲಿ ಬೆಳಿಗ್ಗೆಯೆಲ್ಲಾ ಟೈಮರ್ ಹಿಡಿದು ನಿಂತೆ. ಕೈ ಮರಗಟ್ಟಿತು. ಹದಿನಾಲ್ಕು ಜನ. ಖಾಲಿ ಮ್ಯಾಗಜೀನ್, ಅಂದ್ರೆ ಗುಂಡಿನ ಡಬ್ಬಿ, ಉದುರಿಸಿ, ಸೊಂಟದಿಂದ ಇನ್ನೊಂದು ಎಳೆದು, ಪಿಸ್ತೂಲಿಗೆ ತುರುಕಿ, ಮತ್ತೆ ಗುಂಡು. ನಡುವಿನ ಹೊತ್ತು ಅಳೆಯೋದು ನನ್ನ ಕೆಲಸ. ವೆಂಡೆಲ್‌ಗೆ 1.6 ಸೆಕೆಂಡು. ಅರವತ್ತೆಂಟಾದರೂ ನನ್ನ ಗಂಡನಿಗೆ ಜಂಬ ಇಳಿದಿಲ್ಲ.

ಊಟಕ್ಕೆ ಕೂತಾಗ ಅಂದ, "ಮಸೂದೆ ಬಂತು ಲೋರೀನ್. ಹದಿನೈದು ಗುಂಡಿಗಿಂತ ಜಾಸ್ತಿ ಹಿಡಿಯೋ ಮ್ಯಾಗಜೀನ್ ಮಾರೋ ಹಾಗಿಲ್ವಂತೆ. ರಾಜಧಾನಿ ಡೆನ್ವರ್‌ಗೆ ಹೋಗಿ ಶಾಸನಸಭೆ ಸಮಿತಿ ಮುಂದೆ ನಿನ್ನ ಟೈಮಿನ ಹಾಳೆ ಓದ್ತೀನಿ. ಬದಲಾಯಿಸೋಕೆ ಎರಡು ಸೆಕೆಂಡೂ ಬೇಡ. ಮಿತಿ ಹಾಕಿ ಏನು ಕಡಿದು ಕಟ್ಟೆ ಹಾಕ್ತಾರೆ?"

"ಎಲ್ಲರ ಸರಾಸರಿ 1.9" ಅಂದೆ. ಹಿಗ್ಗಿದ. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿ 12, ಮಂಗಳವಾರ

ಮೆರೆಡಿತ್ ಫೋನ್ ಮಾಡಿದ್ದಳು. ವೆಂಡೆಲ್‌ನ ತಂಗಿ ಮಗಳು. ಎರಡು ವರ್ಷದ ಹಿಂದೆ ಚೆಂಡುರುಳಿಸೋ ಬೋಲಿಂಗ್ ಹಾಲ್‌ಗೆ ಬಂದೂಕು ಹಿಡಿದು ಒಬ್ಬ ನುಗ್ಗಿದಾಗ ಒಳಗಿದ್ದಳು. ಆ ದಿನದ್ದನ್ನ ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ಮಾವ ಡೆನ್ವರ್‌ಗೆ ಹೋಗ್ತಾರಂತೆ?"

"ಹೂಂ."

"ಅತ್ತೆ... ಅವನು ಮ್ಯಾಗಜೀನ್ ಬದಲಾಯಿಸ್ತಿದ್ದಾಗಲೇ ನಾನು ಓಡಿದ್ದು. ಆಟಕ್ಕೆ ಶೂ ಬಾಡಿಗೆ ಕೊಡೋ ಕೌಂಟರಿಂದ ಹಿಂದಿನ ಬಾಗಿಲಿಗೆ."

ಎಷ್ಟು ದೂರ ಅಂದೆ. ಕೇಳಬಾರದಿತ್ತು. ಬಾಯಿ ತಡೆಯಲಿಲ್ಲ.

"ಇಪ್ಪತ್ತು ಹೆಜ್ಜೆ."

ಫೋನಿಟ್ಟು ಟೈಮರ್ ತಗೊಂಡು ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ಓಡಿದೆ. ಈ ಮಂಡಿಗಳಲ್ಲಿ 7.3. ಅವಳು ಚಿಕ್ಕವಳು, ನಾಲ್ಕು ಅನ್ನೋಣ. 1.9ರೊಳಗೆ ಹೇಗೆ ದಾಟಿದಳು? ತಲೆಗೆ ಹುಳ ಬಿಟ್ಟ ಹಾಗಾಯ್ತು.

ಫೆಬ್ರವರಿ 13

ಪಾತ್ರೆ ತೊಳೆಯುವಾಗ ಹೊಳೀತು. ಒಬ್ಬೊಬ್ಬರಿಗೆ ಮೂರು ಸಲ. ಬರೆಯೋದು ಮೂರರಲ್ಲಿ ಒಳ್ಳೇದು ಮಾತ್ರ. ಬೀಳಿಸಿದ್ದು, ಸಿಕ್ಕಿಕೊಂಡದ್ದು, ಹಿಂದುಮುಂದಾಗಿ ತುರುಕಿದ್ದು — "ಅದು ಬಿಡು ಲೋರೀನ್" ಅಂತಾರೆ, ಬಿಡ್ತೀನಿ. ಹನ್ನೊಂದು ವರ್ಷದಿಂದ ಬಿಟ್ಟುಕೊಂಡೇ ಬಂದಿದೀನಿ. ಆ ಬಂದೂಕಿನವನೂ ಹಾಗೇ ತಡಕಾಡಿರಬೇಕು. ಎಂಥಾ ಪೆದ್ದಿ ನಾನು.

ಫೆಬ್ರವರಿ 16, ಶನಿವಾರ

ಈ ಸಲ ಎಲ್ಲವನ್ನೂ ಬರೆದೆ, ಬೇರೆ ಹಾಳೆಯಲ್ಲಿ. ವೆಂಡೆಲ್ ಒಂದು ಸಲ ಹಿಮದಲ್ಲಿ ಬೀಳಿಸಿ ತಡಕಾಡಿದ. 9.2. "ಅದು ಬಿಡು" ಅಂದ. ಬಿಡಲಿಲ್ಲ. ಒಟ್ಟು ಸರಾಸರಿ 4.1.

ಪಕ್ಕದ ಜಮೀನಿನ ಓಲೀಟಾ ಸುಮ್ಮನೆ ನೋಡೋಕೆ ಬಂದಿದ್ದಳು. ನೀನೂ ಮಾಡೇ ಅಂದೆ. ಸಂಧಿವಾತದ ಬೆರಳು. 12.8. ನಕ್ಕುಬಿಟ್ಟಳು.

"ನಮ್ಮನೆ ಮುಟ್ಟೋಕೆ ಪೊಲೀಸ್ ಶೆರಿಫ್‌ಗೆ ನಲವತ್ತು ನಿಮಿಷ ಕಣೇ. ನಾಲ್ಕು ಜನ ನುಗ್ಗಿದ್ರೆ, ಸ್ವಲ್ಪ ತಾಳ್ರಪ್ಪಾ, ಮ್ಯಾಗಜೀನ್ ಬದಲಾಯಿಸ್ಕೋತೀನಿ ಅನ್ಲಾ? ನಂಗೆ ದೊಡ್ಡದೇ ಬೇಕು."

ಅದೂ ನಿಜ. ಮೆರೆಡಿತ್‌ನ ಉಳಿಸಿದ ಸೆಕೆಂಡುಗಳೇ ಓಲೀಟಾನ ಕೊಲ್ಲಬಹುದು. ಎರಡು ಸೆಕೆಂಡಿನ ಮಾತು ಅಂದುಕೊಂಡು ಇಬ್ಬರ ಲೆಕ್ಕವನ್ನೂ ನಾವು ಬಿಟ್ಟಿದ್ದೇವೆ.

ಫೆಬ್ರವರಿ 17

ವೆಂಡೆಲ್‌ಗೆ ಹೊಸ ಹಾಳೆ ತೋರಿಸಿದೆ. ಡೆನ್ವರ್‌ಗೆ ನಾನೂ ಬಂದು ಇದನ್ನ ಹೇಳ್ತೀನಿ ಅಂದೆ.

"ಇಡೀ ರಾಜ್ಯದ ಮುಂದೆ ಗಂಡನ ಮರ್ಯಾದೆ ಕಳೀತೀಯಾ?"

"ಹಾಳೆ ತಪ್ಪು ಅಂದೆ. ನೀನು ತಪ್ಪು ಅಂದೆನಾ?"

ಎದ್ದು ಹೋದ. ನಲವತ್ಮೂರು ವರ್ಷದ ಸಂಸಾರದಲ್ಲಿ ಹೀಗೆ ಮಾಡಿದ್ದಿಲ್ಲ. ಭಯ ಆಗ್ತಿದೆ.

ಮಾರ್ಚ್ 6, ಬುಧವಾರ. ಡೆನ್ವರ್

ಸಮಿತಿಯ ಸಭೆಯಲ್ಲಿ ಕೂತಲ್ಲೇ ಬರೀತಿದೀನಿ. ಎರಡು ಗಂಟೆ ದಾರಿ, ಟ್ರಕ್ಕಿನಲ್ಲಿ ರೇಡಿಯೋ ಒಂದೇ ಮಾತಾಡಿದ್ದು. ಮಾತಾಡೋರು ಹೆಸರು ಬರೆಯೋ ಚೀಟಿಯಲ್ಲಿ ಪರ, ವಿರೋಧ, ತಟಸ್ಥ ಅಂತ ಮೂರು ಚೌಕ. ತಟಸ್ಥಕ್ಕೆ ಗುರುತು ಹಾಕಿದೆ. ವೆಂಡೆಲ್ ಓರೆಗಣ್ಣಲ್ಲಿ ನೋಡಿದ.

ಈಗ ಅವನ ಸರದಿ. 1.9 ಅಂದ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿ ಬೈಸಿಕೊಂಡರು.

ಸಮಿತಿ ಅಧ್ಯಕ್ಷೆ ಕೇಳಿದರು, "ಇದು ಎಲ್ಲಾ ಸಲದ ಸರಾಸರಿನಾ ಸರ್?"

ವೆಂಡೆಲ್‌ನ ಕಿವಿ ಕೆಂಪಾಯ್ತು. ತಿರುಗಿ ನನ್ನ ಹುಡುಕಿದ.

"ಅಲ್ಲ ಮೇಡಂ. ಚೆನ್ನಾಗಿ ಬಂದದ್ದು ಮಾತ್ರ. ಬರೆದವಳು ನನ್ನ ಹೆಂಡ್ತಿ, ಅಲ್ಲಿ ಕೂತಿದಾಳೆ. ಅವಳ ಹತ್ರ ಪೂರ್ತಿ ಹಾಳೆ ಇದೆ. ನಾನು ಬೀಳಿಸಿದ್ದೂ ಇದೆ ಅದರಲ್ಲಿ. ಅವಳನ್ನೇ ಕೇಳಿ."

ಅಳು ಬಂತು. ಹೆಸರು ಕೂಗಿದರು. ಮಾತಾಡೋಕೆ ಎರಡೇ ನಿಮಿಷವಂತೆ. ಮೊದಲು ಯಾರದ್ದು ಹೇಳಲಿ... ಮೆರೆಡಿತ್‌ದಾ, ಓಲೀಟಾ—