ಪೈಪಿನಲ್ಲಿ ಸಿಕ್ಕ ಬಟ್ಟೆ

ಮಾರ್ಚ್ ೧೪, ಗುರುವಾರ

ಗ್ಯಾರೇಜಿಗೆ ಮೂರನೇ ಸಲ ಬಂದ ಮೇಷ್ಟರ ಕಾರಿನ ಎಂಜಿನ್ ಯಾಕೆ ಕಾದು ಕೆಂಡವಾಗುತ್ತಿತ್ತೆಂದು ಇವತ್ತು ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿರುತ್ತಿತ್ತು. ರೇಡಿಯೇಟರ್, ಫ್ಯಾನ್ ಎಲ್ಲ ಬದಲಾಯಿಸಿದ್ದಾಗಿತ್ತು. ಕೊನೆಗೆ ನೀರಿನ ಪೈಪು ಬಿಚ್ಚಿದರೆ ಒಳಗೊಂದು ಬಟ್ಟೆಯ ಉಂಡೆ. ಅಣ್ಣನ ಹಳೇ ನೀಲಿ ಶರ್ಟಿನದು. ಕೆಲಸ ಮಾಡುವಾಗ ಕಸ ಬೀಳದಿರಲೆಂದು ಪೈಪಿನ ಬಾಯಿಗೆ ಬಟ್ಟೆ ತುರುಕುವುದನ್ನು ನನಗೆ ಕಲಿಸಿದವನೇ ಅವನು. ತೆಗೆಯುವುದನ್ನು ಮರೆತಿದ್ದಾನೆ. ಈಚೆಗೆ ಎಲ್ಲವನ್ನೂ ಮರೆಯುತ್ತಾನೆ.

ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ.

"ಏನಾಗಿತ್ತೋ?" ಅಂದ.

"ಪೈಪಲ್ಲಿ ತುಕ್ಕು ಕಟ್ಕೊಂಡಿತ್ತಣ್ಣ."

"ಪೈಪ್ ನೋಡು ಅಂತ ಅವತ್ತೇ ಬಡ್ಕೊಂಡೆ, ನನ್ ಮಾತು ಕೇಳೋರ್ಯಾರು!" ಎಂದು ನಕ್ಕ. ಎಷ್ಟು ದಿನವಾಗಿತ್ತು ಅವನು ಹಾಗೆ ನಕ್ಕು.

ಆ ಖುಷಿಯಲ್ಲೇ, ನಾಳೆ ಬರುವ ಸ್ಕೂಲ್ ಬಸ್ಸಿನ ಬ್ರೇಕ್ ಕೆಲಸ ತಾನೇ ಮಾಡುತ್ತೇನೆಂದ.

ನಾನು ಹೂಂ ಅಂದುಬಿಟ್ಟೆ.