ಅತ್ತರು ಹಚ್ಚದೆ ಬನ್ನಿ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ಈ ಬಾಡಿಗೆ ಮನೆಗೆ ಬಂದ ವರ್ಷವೇ ಮಲಗುವ ಕೋಣೆಯ ಗೋಡೆ ಬೂಷ್ಟು ಹಿಡಿಯುತ್ತಿದೆ ಎಂದಿದ್ದೆ. ಲೈಬ್ರರಿ ಕೆಲಸದಲ್ಲಿ ಕೂತು ಓದಿ ಓದಿ ಇವಳಿಗೆ ಎಲ್ಲದರಲ್ಲೂ ತಕರಾರು ಎಂದು ನಿಮ್ಮ ಅಕ್ಕನ ಎದುರೇ ನಕ್ಕಿರಿ. ನಾನು ಮರೆತಿಲ್ಲ. ನೀವು ಹಡಗು ಹತ್ತಿದ ಮೇಲೆ ನಮ್ಮ ಪುಟ್ಟಿಗೆ ಉಬ್ಬಸ ಶುರುವಾಯಿತಲ್ಲ, ಅದೇ ಗೋಡೆಯನ್ನು ಮನೆ ಮಾಲೀಕರಿಗೆ ತೋರಿಸಿದೆ. ಗೋಡೆ ಅಂದ್ಮೇಲೆ ಸ್ವಲ್ಪ ತೇವ ಇರೋದೇ ಅಲ್ವೇನಮ್ಮ ಎಂದರು. ಹಾಗಾದರೆ ನಿಮ್ಮ ಮೊಮ್ಮಗನನ್ನು ಒಂದು ವಾರ ಇಲ್ಲೇ ಮಲಗಿಸಿ ಎಂದೆ. ಮರುದಿನವೇ ಮೇಸ್ತ್ರಿ ಬಂದ.

ಬೀದಿ ಕೊನೆಯಲ್ಲಿ ಕಸ ಸುಡುವವರ ಮೇಲೂ ನಗರಸಭೆಗೆ ಅರ್ಜಿ ಕೊಟ್ಟಿದ್ದೇನೆ. ಆ ಕಚೇರಿಗೆ ಕಿವಿ ಬರುವವರೆಗೆ ಬರೆಯುತ್ತಲೇ ಇರುತ್ತೇನೆ. ಅಲ್ಲಿಯವರೆಗೆ, ಹೊಗೆ ಎದ್ದಾಗ ಕಿಟಕಿ ಮುಚ್ಚುವುದು.

ಮನೆಯೊಳಗೆ ನನ್ನದೇ ಸರ್ಕಾರ. ದಪ್ಪ ಕರ್ಟನ್ನುಗಳು ಹೋದವು, ಜಮಖಾನೆ ಹೋಯಿತು. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದೆ. ಪೊರಕೆಯಲ್ಲಿ ದೂಳೆಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಿಗೆ. ದಿಂಬಿನ ಕವರು ಮಾತ್ರ ನಾನೇ ಹಾಕ್ಕೋತೀನಿ ಎಂದು ಪುಟ್ಟಿ ಹಟ ಹಿಡಿದಳು. ಜಾಣೆ ಎಂದು ಮೆಚ್ಚಿಕೊಂಡೆ.

ಆದರೂ ಹಗಲೆಲ್ಲ ಕುಣಿಯುವ ಹುಡುಗಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಎದೆಯಲ್ಲಿ ಸಿಳ್ಳೆ. ಉಸಿರಿಗೆಂದು ಡಾಕ್ಟರು ಕೊಟ್ಟ ಪಂಪ್ ಹಾಕಿಸಿ ಬೆನ್ನು ನೀವುತ್ತಾ, ಇನ್ನು ಯಾರ ಮೇಲೆ ಸಿಟ್ಟಾಗಲಿ ಎಂದು ತಿಳಿಯದೆ ಕೂರುತ್ತಿದ್ದೆ.

ಶುಕ್ರವಾರ ಅವಳು ಸ್ಕೂಲಿಗೆ ಹೋದಾಗ ದಿಂಬನ್ನು ಬಿಸಿಲಿಗೆ ಹಾಕಲು ಎತ್ತಿದೆ. ಕವರಿನೊಳಗೆ ನಿಮ್ಮ ನೀಲಿ ಅಂಗಿ. ಇಂಜಿನ್ ಎಣ್ಣೆಯ ವಾಸನೆ ಮುಚ್ಚಲು ನೀವು ಸುರಿದುಕೊಳ್ಳುವ ಆ ಅತ್ತರು ಮೂಗಿಗೆ ಬಡಿಯಿತು. ಘಾಟು ಸುಗಂಧವೂ ಮಗುವಿಗೆ ಆಗದು ಎಂದು ಡಾಕ್ಟರು ಹೇಳಿದ್ದರು. ನೀವಿಲ್ಲದ ಮನೆಯಲ್ಲಿ ಅತ್ತರೆಲ್ಲಿಂದ ಬರಬೇಕು ಎಂದು ಆ ಮಾತನ್ನು ಬಿಟ್ಟುಬಿಟ್ಟಿದ್ದೆ.

ಸಂಜೆ ಕೇಳಿದ್ದಕ್ಕೆ ಪುಟ್ಟಿ ಮುಖ ತಿರುಗಿಸಿ, ಅಪ್ಪನ ವಾಸನೆ ಇಲ್ದೆ ನಿದ್ದೆ ಬರಲ್ಲ, ಉಸಿರು ಕಟ್ಟಿದ್ರೆ ಕಟ್ಲಿ ಬಿಡು ಎಂದಳು.

ಅಂಗಿಯನ್ನು ಇಬ್ಬರೂ ಸೇರಿ ತೊಳೆದೆವು. ಅವಳೇ ಹಿಂಡಿದಳು. ಆಮೇಲಿನ ಎರಡು ರಾತ್ರಿಯೂ ಸಿಳ್ಳೆ ಕೇಳಿಸಿಲ್ಲ. ಆದರೆ ಗೋಡೆ ಕಡೆ ತಿರುಗಿ, ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಔಷಧಿ ನಾನು ಹಾಕಬಲ್ಲೆ, ಗೋಡೆ ಸರಿಮಾಡಿಸಬಲ್ಲೆ. ಇದಕ್ಕೆ ಯಾವ ಕಚೇರಿಗೆ ಅರ್ಜಿ ಕೊಡಲಿ?

ಆದ್ದರಿಂದ ಅತ್ತರು ಹಚ್ಚದೆ ಬನ್ನಿ. ಘಮಘಮ ಇಲ್ಲದ ಸೋಪಿನಲ್ಲಿ ಮಿಂದು, ಬರೀ ಮನುಷ್ಯನಾಗಿ ಬನ್ನಿ. ಆ ವಾಸನೆಯನ್ನು ಅವಳು ಹೊಸದಾಗಿ ಕಲಿಯಲಿ. ಬೇಗ ಬನ್ನಿ.

ಇಂತಿ,
ನಿಮ್ಮ ತಕರಾರಿನವಳು

ತಾ.ಕ.: ಬಂದಾಗ ನಿಮ್ಮ ಬಿಳಿ ಅಂಗಿಗಾಗಿ ಕಪಾಟು ತಡಕಬೇಡಿ. ಅದು ಮನೆಯಲ್ಲಿಲ್ಲ. ಲೈಬ್ರರಿಯಲ್ಲಿ, ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ. ನೀವು ಹೋದಾಗಿನಿಂದ ತೊಳೆದಿಲ್ಲ. ನನಗೆ ಉಬ್ಬಸವಿಲ್ಲವಲ್ಲ.